ಮೂರನೇ ಮಡಿಕೆಯ ಸಾಲು

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಆ ಪ್ರೆಸ್ಸಿನಲ್ಲಿ ಎರಡು ಸದ್ದು ಕೇಳುತ್ತಿದ್ದವು. ಒಂದು ಅಚ್ಚಿನ ಯಂತ್ರದ್ದು, ಇನ್ನೊಂದು ಯಜಮಾನನದು. ಯಂತ್ರವನ್ನಾದರೆ ಗುಂಡಿ ಒತ್ತಿ ನಿಲ್ಲಿಸಬಹುದಿತ್ತು.

ಅಂದು ಯಜಮಾನನ ಎದುರಿನ ಕುರ್ಚಿಯಲ್ಲಿ ಹೊಸದಾಗಿ ಚಪ್ಪಲಿ ಅಂಗಡಿ ತೆರೆಯಲಿದ್ದ ಯುವಕನೊಬ್ಬ ಕೂತಿದ್ದ. ಕರಪತ್ರ ಮಾಡಿಸಲು ಬಂದವನು ಮಾತಿಗೆ ಸಿಕ್ಕಿಬಿದ್ದಿದ್ದ.

"ಈ ರಸ್ತೇಲಿ ಮೊದಲು ನಾಲ್ಕು ಪ್ರೆಸ್ ಇತ್ತಂತೆ ಸಾರ್. ಮೂರು ಮುಚ್ಚಿಹೋದ್ವು, ನಿಮ್ಮದೊಂದೇ ನಿಂತಿದೆ. ಏನು ಗುಟ್ಟು?"

ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಯಜಮಾನ ಕಾಯುತ್ತಲೇ ಇರುತ್ತಿದ್ದ. ಕನ್ನಡಕವನ್ನು ಹಣೆಗೇರಿಸಿದ.

"ಎರಡೇ ಎರಡು. ಒಂದು, ಕಣ್ಣು. ಈ ಬಾಗಿಲು ದಾಟೋ ಪ್ರತಿ ಕಾಗದದ ಮೇಲೂ ನನ್ನ ಕಣ್ಣು ಬಿದ್ದಿರುತ್ತೆ. ಅಚ್ಚಿಗೆ ಮುಂಚಿನ ಕೊನೇ ಕರಡು ಪ್ರತಿಗೆ ನಾನೇ ಕೆಂಪು ಪೆನ್ನಲ್ಲಿ ಸಹಿ ಹಾಕ್ಬೇಕು. ಹಾಕಿದ ಮೇಲೆ ದೇವರು ಬಂದು ಹೇಳಿದ್ರೂ ಒಂದು ಚುಕ್ಕಿ ಬದಲಾಗಲ್ಲ. ಇಪ್ಪತ್ತೆಂಟು ವರ್ಷದಲ್ಲಿ ತಪ್ಪಿದೆ ಅಂತ ಒಂದೇ ಒಂದು ಕೆಲಸ ವಾಪಸ್ ಬಂದಿಲ್ಲ."

"ಎರಡನೇದು?"

"ದನಿ. ನಮ್ಮ ಕಾಲಿನ ಸದ್ದಿಗೇ ಕೆಲಸಗಾರರು ನೆಟ್ಟಗೆ ಕೂರ್ಬೇಕು. ಸಲಿಗೆ ಕೊಟ್ರೆ ಮುಗೀತು, ತಲೆ ಮೇಲೆ ಕೂತು ನಮಗೇ ಪಾಠ ಹೇಳ್ತಾರೆ."

ಯುವಕ ತಲೆಯಾಡಿಸಿದ. ಹಿಂದಿನ ಉದ್ದ ಮೇಜಿನ ಬಳಿ ಕಾಗದ ಮಡಿಚುತ್ತಿದ್ದ ಅಂಟಕ್ಕ ತಲೆಯೆತ್ತಲಿಲ್ಲ. ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೆಂದರೆ, ಯಜಮಾನ ನಡುವೆ ಎಲ್ಲೆಲ್ಲಿ ಉಸಿರೆಳೆದುಕೊಳ್ಳುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು.

ಪುಸ್ತಕದ ಬೆನ್ನಿಗೆ ಅಂಟು ಹಚ್ಚಿ ಹಚ್ಚಿ ಬೆರಳ ತುದಿಯೆಲ್ಲ ಬಿಳಿಚಿಕೊಂಡಿದ್ದರಿಂದ ಅವಳಿಗೆ ಆ ಹೆಸರು ಬಿದ್ದಿತ್ತು. ಪ್ರೆಸ್ಸು ತೆರೆದ ವರ್ಷವೇ ಸೇರಿದವಳು. ಶಾಲೆಗೆ ಹೋದದ್ದು ಐದನೇ ತರಗತಿಯವರೆಗೆ. ಉಳಿದ ಓದನ್ನೆಲ್ಲ ಮಡಿಚುತ್ತಲೇ ಓದಿದ್ದಳು. ಹಾಳೆಯನ್ನು ಎರಡು ಸಲ ಮಡಿಚಿದರೆ ಮೂರು ಮಡಿಕೆ. ಮಡಿಚುವಾಗ ಕಣ್ಣಿಗೆ ಬೀಳುವುದು ಕೊನೆಯ ಮಡಿಕೆ ಮಾತ್ರ. ಹಾಗಾಗಿ ಅವಳು ಲೋಕದ ಎಷ್ಟೋ ವಿಷಯಗಳ ಮೂರನೇ ಭಾಗವನ್ನಷ್ಟೇ ಓದಿಕೊಂಡಿದ್ದಳು. ಒಂದು ಬ್ಯಾಂಕಿನ ನಿಯಮಗಳ ಕೊನೆ, ಒಂದು ಪಂಪ್‌ಸೆಟ್ಟನ್ನು ಜೋಡಿಸುವ ವಿಧಾನದ ಕೊನೆ, ನೂರಾರು ಭಾಷಣಗಳ ಕೊನೆ.

ಅಂದು ಅವಳ ಮುಂದಿದ್ದದ್ದು ಮಕ್ಕಳ ಆಸ್ಪತ್ರೆಯ ಕೆಲಸ. 'ಮಗುವಿನ ಮೊದಲ ವರ್ಷ: ತಾಯಂದಿರಿಗೆ ಸೂಚನೆಗಳು'. ನಾಲ್ಕು ಸಾವಿರ ಪ್ರತಿ. ಮಾರನೆಯ ದಿನ ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ದಿನ. ಬಂದ ತಾಯಂದಿರಿಗೆಲ್ಲ ಒಂದೊಂದು ಕೊಡಬೇಕೆಂದು ಡಾಕ್ಟರಮ್ಮ ಅವಸರಪಡಿಸಿದ್ದರು.

ಮೊದಲ ಕಟ್ಟು ಮುಗಿಯುವ ಮುನ್ನವೇ ಅಂಟಕ್ಕನ ಕೈ ನಿಂತಿತು. ಮೂರನೇ ಮಡಿಕೆಯಲ್ಲಿ ಹೀಗಿತ್ತು:

'ಆರು ತಿಂಗಳ ನಂತರ ಬೇಯಿಸಿದ ತರಕಾರಿಯನ್ನು ನುಣ್ಣಗೆ ಮಾಡಿ ಕೊಡಬಹುದು.
ಮಾಗಿದ ಹಣ್ಣನ್ನು ಹಿಸುಕಿ ಕೊಡಬಹುದು.
ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ಕೊಡಬಹುದು.'

ನಾಲ್ಕು ವರ್ಷದ ಹಿಂದೆ ಅವಳ ಮೊಮ್ಮಗಳು ಹುಟ್ಟಿದಾಗ ದಾದಿಯೊಬ್ಬಳು ಬೆರಳು ತೋರಿಸಿ ಹೇಳಿದ್ದಳು, ವರ್ಷ ತುಂಬುವ ತನಕ ಜೇನು ಮುಟ್ಟಿಸಕೂಡದು ಎಂದು. ಇಲ್ಲಿ ನೋಡಿದರೆ ಕೊಡಬಹುದು ಎಂದಿದೆ. ಕೊಡಬಾರದು ಎಂದು ಇರಬೇಕಿತ್ತಲ್ಲವೇ? ಅಥವಾ ಈ ನಾಲ್ಕು ವರ್ಷದಲ್ಲಿ ಡಾಕ್ಟರುಗಳ ಅಭಿಪ್ರಾಯ ಬದಲಾಯಿತೋ?

ಯಂತ್ರ ನಡೆಸುವ ಮಷೀನಣ್ಣನನ್ನು ಕರೆದು ತೋರಿಸಿದಳು. ಅವನು ಓದಿದ, ತಲೆ ಕೆರೆದುಕೊಂಡ, ಗೋಡೆಗೆ ಸಿಕ್ಕಿಸಿದ್ದ ಕರಡಿನತ್ತ ಕಣ್ಣು ಹಾಯಿಸಿದ.

"ಕೆಂಪು ಸಹಿ ಬಿದ್ದಿದೆ ನೋಡಕ್ಕ."

"ಸಹಿ ಇದ್ರೆ ತಪ್ಪು ಸರಿಯಾಗ್ಬಿಡುತ್ತಾ?"

"ಸರಿಯಾಗಲ್ಲ. ಆದ್ರೆ ಹೇಳೋಕೆ ಹೋದವನ ಕಿವಿ ತೂತಾಗುತ್ತೆ. ಹೋದ ತಿಂಗಳು ನಿನಗಾಗಿದ್ದು ಮರೆತುಹೋಯ್ತಾ ಪಂಡಿತಮ್ಮ?"

ಮರೆತಿರಲಿಲ್ಲ. ಶಾಲೆಯೊಂದರ ಬಹುಮಾನ ಪತ್ರದಲ್ಲಿ 'ಪ್ರಾವೀಣ್ಯ' ಎಂದಿದ್ದನ್ನು ನೋಡಿ, ವೀ ದೀರ್ಘ ತಪ್ಪಲ್ಲವೇ ಎಂದು ಕೇಳಿದ್ದಳು. ತಪ್ಪಾಗಿರಲಿಲ್ಲ. ಅಷ್ಟೇ ಸಾಕಾಯಿತು. "ಬನ್ನಿ ಬನ್ನಿ, ಪಂಡಿತಮ್ಮನವರು ಬಂದ್ರು, ಎದ್ದು ನಿಂತ್ಕೊಳ್ಳಿ!" ಎಂದು ಯಜಮಾನ ಗಿರಾಕಿಗಳ ಎದುರಿಗೇ ಚಪ್ಪಾಳೆ ತಟ್ಟಿದ್ದ. "ನಿನ್ನ ಕೆಲಸ ಅಂಟು ಹಚ್ಚೋದು, ಅಕ್ಷರ ನೋಡೋದಲ್ಲ. ನಿನ್ನ ಕೆಲಸ ನೀನು ನೋಡ್ಕೋ." ಒಂದು ವಾರ ಪೂರ್ತಿ ಅವಳನ್ನು ಪಂಡಿತಮ್ಮ ಎಂದೇ ಕರೆದ. ಅವಳು ನಕ್ಕಿದ್ದಳು. ಮನೆಗೆ ಹೋಗಿ ನಕ್ಕಿರಲಿಲ್ಲ.

ಸರಿ, ಹೇಳಲಾಗದಿದ್ದರೆ ತಡಮಾಡೋಣ ಎಂದುಕೊಂಡಳು. ನಿಮಿಷಕ್ಕೆ ಇಪ್ಪತ್ತು ಹಾಳೆ ಮಡಿಚುವ ಕೈ ಐದಕ್ಕೆ ಇಳಿಯಿತು. ಅಷ್ಟರೊಳಗೆ ಯಾರಾದರೂ ನೋಡಿಯಾರು, ಆಸ್ಪತ್ರೆಯಿಂದ ಫೋನು ಬಂದೀತು ಎಂಬ ಆಸೆ. ಫೋನು ಬರಲಿಲ್ಲ. ಮಧ್ಯಾಹ್ನ ಯಜಮಾನನೇ ಬಂದ.

"ಏನಿದು? ಕೈಗೆ ಏನಾಗಿದೆ? ನಾಲ್ಕು ಗಂಟೆಗೆ ಗಾಡಿ ಹೊರಡ್ಬೇಕು, ಇನ್ನೂ ಮುಕ್ಕಾಲು ಹಾಗೇ ಬಿದ್ದಿದೆ!"

"ಸ್ವಲ್ಪ ಬೆರಳು ನೋವು ಯಜಮಾನ್ರೇ."

"ಸರಿ ಜರುಗು." ಸ್ಟೂಲು ಎಳೆದು ಎದುರಿಗೇ ಕೂತು ತಾನೂ ಮಡಿಚತೊಡಗಿದ. ಇದನ್ನು ಹೇಳಲೇಬೇಕು, ಆ ಮನುಷ್ಯ ಸೋಮಾರಿಯಲ್ಲ. ಯಾವ ಕೆಲಸವನ್ನೂ ಕೀಳು ಎಂದವನಲ್ಲ. ಬೆವರು ಒರೆಸಿಕೊಳ್ಳುತ್ತ ಇನ್ನೂರು, ಮುನ್ನೂರು ಹಾಳೆ ಮಡಿಚಿದ. ಮುನ್ನೂರು ಸಲ ಆ ಸಾಲು ಅವನ ಮೂಗಿನ ಕೆಳಗೇ ಹಾದುಹೋಯಿತು. ಅಂಟಕ್ಕ ಬೇಕೆಂದೇ ಹಾಳೆಗಳನ್ನು ಆ ಸಾಲು ಅವನ ಕಡೆಗಿರುವಂತೆ ತಿರುಗಿಸಿ ಇಡುತ್ತಿದ್ದಳು. ಅವನಿಗೆ ಕಾಣಲಿಲ್ಲ. ತಾನು ಆಗಲೇ ನೋಡಿದ್ದೇನೆ ಎಂದುಕೊಂಡವನಿಗೆ ಹೇಗೆ ಕಾಣುತ್ತದೆ?

ಕೊನೆಗೆ ಅವಳು ಕೈ ನಿಲ್ಲಿಸಿ ಹೇಳಿದಳು, "ಇದನ್ನ ಒಂದ್ಸಲ ಓದಿ ನೋಡ್ತೀರಾ ಯಜಮಾನ್ರೇ? ಈ ಮೂರನೇ…"

"ಓದಿಯೇ ಸಹಿ ಹಾಕಿದ್ದು."

"ಅಲ್ಲ, ಇಲ್ಲೊಂದು ಪದ…"

"ಅಂಟಕ್ಕ!" ಅವನ ಕೈ ಮೇಜಿಗೆ ಬಡಿಯಿತು. "ಮತ್ತೆ ಶುರುವಾಯ್ತಾ ಪಾಂಡಿತ್ಯ? ಬೆರಳು ನೋವು, ಆದ್ರೆ ಬಾಯಿಗೆ ನೋವಿಲ್ಲ! ಮಡಿಚು."

ಅವಳು ಮಡಿಚಿದಳು. ನಾಲ್ಕು ಗಂಟೆಗೆ ಎರಡು ಸಾವಿರ ಪ್ರತಿಗಳ ಕಟ್ಟುಗಳನ್ನು ಮಷೀನಣ್ಣ ಗಾಡಿಗೆ ಹೇರಿಕೊಂಡು ಆಸ್ಪತ್ರೆಗೆ ಹೊರಟ.

ಆ ತಪ್ಪು ಆದದ್ದು ಹೀಗೆ. ಅಕ್ಷರ ಜೋಡಿಸುವ ಕಂಪ್ಯೂಟರ್ ಹುಡುಗಿ ಪರೀಕ್ಷೆಗೆಂದು ಎರಡು ದಿನ ರಜೆಯಲ್ಲಿದ್ದಳು. ಜೇನುತುಪ್ಪದ ಸಾಲನ್ನು ಸೇರಿಸಿ ಎಂದು ಡಾಕ್ಟರಮ್ಮ ಕೊನೆಗಳಿಗೆಯಲ್ಲಿ ಹೇಳಿಕಳಿಸಿದರು. ಯಜಮಾನ ತಾನೇ ಕೂತ. ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೇಲಿನ ಸಾಲನ್ನೇ ನಕಲು ಮಾಡಿ ಕೆಳಗಿಟ್ಟು, ಸಾಲಿನ ಮೊದಲ ಭಾಗವನ್ನು ತಿದ್ದಿದ. ಕೊನೆಯ 'ಕೊಡಬಹುದು' ಹಾಗೇ ಉಳಿಯಿತು. ತಾನೇ ಜೋಡಿಸಿದ್ದು, ತಾನೇ ಓದಿದ್ದು, ತಾನೇ ಸಹಿ ಹಾಕಿದ್ದು.

ಸಂಜೆ ಮನೆಗೆ ಹೋಗುವಾಗ ಒಂದು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡ. ಮಗಳು ಹೆರಿಗೆಗೆ ಬಂದವಳು ಐದು ತಿಂಗಳ ಕೂಸಿನೊಂದಿಗೆ ಇನ್ನೂ ತವರಿನಲ್ಲೇ ಇದ್ದಳು.

"ತಗೋ, ನಿನಗೇ ಮಾಡಿಸಿದ ಹಾಗಿದೆ. ಅಚ್ಚು ನೋಡು, ಹೇಗೆ ಬಂದಿದೆ!"

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದಳು. ಮೂರನೇ ಮಡಿಕೆಗೆ ಬಂದಾಗ ಹುಬ್ಬು ಗಂಟಿಕ್ಕಿತು. ತಾಯಿಯ ಹತ್ತಿರ ಹೋಗಿ ದನಿ ತಗ್ಗಿಸಿದಳು.

"ಅಮ್ಮ, ಇದು ಉಲ್ಟಾ ಇದೆ. ಅಪ್ಪಂಗೆ ಹೇಳ್ಲಾ?"

"ಊಟ ಆಗ್ಲಿ ಇರೇ."

ಊಟವಾಯಿತು. "ಈಗ?"

"ದಣಿದು ಬಂದಿದ್ದಾರೆ. ಮಲಗಿ ಎದ್ದೇಳ್ಲಿ, ಬೆಳಿಗ್ಗೆ ಹೇಳಿದ್ರಾಯ್ತು. ಈಗ ಹೇಳಿ ಮನೆಯಲ್ಲೊಂದು ರಾದ್ಧಾಂತ ಬೇಡ." ತಾಯಿ ಪಾತ್ರೆ ತೊಳೆಯುತ್ತಲೇ ಹೇಳಿದಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಕಲಿತ ವಿದ್ಯೆ ಅದು. ಯಾವ ಮಾತನ್ನು ಯಾವ ಹೊತ್ತಿಗೆ ಮುಂದೂಡಬೇಕು ಎಂಬುದು. ಹಾಗೆ ಮುಂದೂಡಿ ಮುಂದೂಡಿ ಎಷ್ಟೋ ಮಾತು ಹೇಳದೆಯೇ ಉಳಿದುಹೋಗಿದ್ದವು.

ಇದು ಕರಡು ಪ್ರತಿ ಇರಬೇಕು, ಪ್ರೆಸ್ಸಿನಲ್ಲಿ ತಿದ್ದಿಯೇ ಇರುತ್ತಾರೆ, ಅಪ್ಪನ ಕಣ್ಣು ತಪ್ಪುವುದುಂಟೇ ಎಂದು ಮಗಳು ಸಮಾಧಾನ ತಂದುಕೊಂಡಳು. ಆದರೂ ಮನಸ್ಸು ಕೇಳಲಿಲ್ಲ. ಪೆನ್ಸಿಲಿನಿಂದ ಆ ಒಂದು ಪದವನ್ನು ತಿದ್ದಿ, ಕಾಗದವನ್ನು ಅಡುಗೆಮನೆಯ ಬೀರುವಿಗೆ ಅಂಟಿಸಿಟ್ಟಳು.

ಮಾರನೆಯ ಬೆಳಿಗ್ಗೆ ಯಜಮಾನ ಕಾಫಿ ಲೋಟ ಹಿಡಿದು ಬೀರುವಿನ ಮುಂದೆ ನಿಂತ. ತನ್ನ ಅಚ್ಚಿನ ಅಂದವನ್ನು ನೋಡಲೆಂದೇ ನಿಂತದ್ದು. 'ಬಹುದು' ಎಂಬುದರ ಮೇಲೆ ಗೀಟು ಬಿದ್ದು ಪಕ್ಕದಲ್ಲಿ 'ಬಾರದು' ಎಂದಿತ್ತು.

"ಇದ್ಯಾರು ಗೀಚಿದ್ದು?"

"ನಾನೇ ಅಪ್ಪ," ಎಂದಳು ಮಗಳು. "ಅದು ಕೊಡಬಾರದು ಅಂತ ಇರ್ಬೇಕು. ಕೊಟ್ರೆ ಅಪಾಯ."

ಅವನು ಮತ್ತೆ ಓದಿದ. ಈಗ ಕಂಡಿತು.

"ಯಾವಾಗ ನೋಡ್ದೆ?"

"ನಿನ್ನೆ ಸಂಜೆ."

"ನಿನ್ನೆ ಸಂಜೆ ನೋಡಿ ಈಗ ಹೇಳ್ತಿದ್ದೀಯಾ? ಬಾಯಿ ಬಿದ್ದುಹೋಗಿತ್ತಾ? ಮನೆಯಲ್ಲಿ ಇಬ್ಬರಿದ್ದೀರಿ, ಒಬ್ಬರಿಗಾದ್ರೂ…"

ತೊಟ್ಟಿಲಲ್ಲಿ ಕೂಸು ಬೆಚ್ಚಿಬಿದ್ದು ಚೀರಿತು. ಮಗಳು ಓಡಿಹೋಗಿ ಎತ್ತಿಕೊಂಡು ಬೆನ್ನು ಸವರಿದಳು. ತಂದೆಯ ಮುಖ ನೋಡದೆ ಮೆಲ್ಲಗೆ ಹೇಳಿದಳು:

"ಇದಕ್ಕೇ ಅಪ್ಪ."

ಹೆಂಡತಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ತಿರುಗಲಿಲ್ಲ. ಅವಳ ಆ ಬೆನ್ನು ಮಗಳ ಮಾತಿಗೆ ಹೂಂ ಎಂದಂತಿತ್ತು.

ಯಜಮಾನ ಲೋಟ ಕೆಳಗಿಟ್ಟ. ಚಪ್ಪಲಿ ಮೆಟ್ಟಿ ಹೊರಬಿದ್ದ. ಗಡಿಯಾರ ಒಂಬತ್ತು ತೋರಿಸುತ್ತಿತ್ತು. ಲಸಿಕೆ ಎಂಟಕ್ಕೇ ಶುರು.

ಆಸ್ಪತ್ರೆಯ ಮುಂಬಾಗಿಲಲ್ಲಿ, ಕಲ್ಲುಬೆಂಚಿನ ಮೇಲೆ ಅಂಟಕ್ಕ ಕೂತಿದ್ದಳು. ತೊಡೆಯ ಮೇಲೊಂದು ರಟ್ಟು, ಕೈಯಲ್ಲಿ ಪೆನ್ನು. ಮಕ್ಕಳನ್ನು ಎತ್ತಿಕೊಂಡ ಮೂವರು ತಾಯಂದಿರು ಅವಳ ಮುಂದೆ ನಿಂತಿದ್ದರು.

"ಆ ಕಾಗದ ಒಂಚೂರು ಕೊಡಮ್ಮ, ಒಂದು ಪದ ತಿದ್ದಬೇಕು. ಜೇನು ಕೊಡಬಾರದು, ತಿಳೀತಾ? ವರ್ಷ ತುಂಬೋ ತನಕ ಮುಟ್ಟಿಸಲೇಬಾರದು."

ಯಜಮಾನ ಏದುಸಿರು ಬಿಡುತ್ತ ಹತ್ತಿರ ಬಂದ. "ಇಲ್ಲೇನು ಮಾಡ್ತಿದ್ದೀಯ?"

"ನನ್ನ ಕೆಲಸ ನೋಡ್ಕೊಳ್ತಿದ್ದೀನಿ ಯಜಮಾನ್ರೇ."

ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವನಿಗೆ ಬಯ್ಯುವುದಕ್ಕಾದರೂ ಆಗುತ್ತಿತ್ತು.

"ಎಷ್ಟು ಹೊತ್ತಿಂದ?"

"ಬಾಗಿಲು ತೆಗೆದಾಗಿಂದ. ನಲವತ್ತು ತಿದ್ದಿದ್ದೀನಿ. ಆದ್ರೆ ಹಿಂದ್ಗಡೆ ಇನ್ನೊಂದು ಬಾಗಿಲಿದೆಯಂತೆ, ಈಗಷ್ಟೇ ಗೊತ್ತಾಯ್ತು. ಆ ಕಡೆಯಿಂದ ಎಷ್ಟು ಜನ ಹೋದ್ರೋ."

"ಅಯ್ಯೋ ಮಾರಾಯ್ತಿ, ಒಳಗೆ ಹೋಗಿ ಡಾಕ್ಟರಮ್ಮಂಗೆ ಒಂದು ಮಾತು ಹೇಳಿದ್ರೆ ಹಂಚೋದನ್ನೇ ನಿಲ್ಲಿಸ್ತಿದ್ರಲ್ಲ!"

"ಹೇಳಿದ್ರೆ ಪ್ರೆಸ್ಸಿನ ಹೆಸರು ಹೋಗುತ್ತೆ. ಹೆಸರು ನಿಮ್ಮದು. ಅದನ್ನ ಕಳೆಯೋಕೆ ನಾನ್ಯಾರು?"

"ನನಗೆ ಹೇಳ್ಬಹುದಿತ್ತಲ್ಲ?"

ಅಂಟಕ್ಕ ಪೆನ್ನಿನ ಮುಚ್ಚಳ ಹಾಕಿದಳು. "ನಿನ್ನೆ ಹೇಳೋಕೆ ಬಂದೆ," ಎಂದಳು.

ನಿನ್ನೆ ಮೇಜಿಗೆ ಬಡಿದ ಅಂಗೈ ಈಗ ಚುರುಗುಟ್ಟಿದಂತಾಯಿತು. ಅವನು ಒಳಗೆ ನಡೆದ. ಅವಳೂ ಹಿಂದೆ ಬಂದಳು.

ಡಾಕ್ಟರಮ್ಮ ಒಂದು ಮಗುವಿನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದರು. ಯಜಮಾನ ಕಾದು ನಿಂತ. ಆ ಎರಡು ನಿಮಿಷದಲ್ಲಿ ಅವನ ನಾಲಿಗೆಯ ತುದಿಗೆ ಒಂದು ಸಿದ್ಧವಾಕ್ಯ ಬಂದು ಕೂತಿತ್ತು. ನಮ್ಮ ಕಂಪ್ಯೂಟರ್ ಹುಡುಗಿ ಸರಿಯಿಲ್ಲ ಮೇಡಂ. ಆ ಹುಡುಗಿ ಊರಲ್ಲೇ ಇಲ್ಲ, ಬಂದು ಅಲ್ಲವೆನ್ನುವವರೂ ಇಲ್ಲ. ಬಾಯಿ ತೆರೆದ. ಪಕ್ಕದಲ್ಲಿ ಅಂಟಕ್ಕ ನಿಂತಿದ್ದಳು. ಆ ವಾಕ್ಯವನ್ನು ನುಂಗಿಕೊಂಡ.

"ಮೇಡಂ, ಪ್ರೆಸ್ಸಿನಲ್ಲಿ ಒಂದು ತಪ್ಪಾಗಿದೆ."

ಡಾಕ್ಟರಮ್ಮ ಕಾಗದ ಓದಿದರು. ಓದಿದ ಕೂಡಲೇ ಗಂಟೆ ಒತ್ತಿ ದಾದಿಯನ್ನು ಕರೆದು ಹಂಚುವುದನ್ನು ನಿಲ್ಲಿಸಲು ಹೇಳಿದರು. ಆಮೇಲೆ ಅವನತ್ತ ತಿರುಗಿದರು.

"ಜೇನಿನಲ್ಲಿ ಒಂದು ಬಗೆಯ ಕ್ರಿಮಿ ಇರಬಹುದು. ನಿಮಗೆ ನನಗೆ ಅದು ಏನೂ ಮಾಡಲ್ಲ. ಇಷ್ಟು ಪುಟ್ಟ ಮಕ್ಕಳಿಗೆ ಕೈಕಾಲು ಸೋತುಹೋಗುತ್ತೆ, ಉಸಿರಾಟವೂ ನಿಂತುಹೋಗಬಹುದು. ಅಪರೂಪ, ನಿಜ. ಆದರೆ ಆದವರಿಗೆ ಅಪರೂಪ ಅಂತ ಸಮಾಧಾನ ಹೇಳೋಕಾಗುತ್ತಾ?"

"ಇಲ್ಲ ಮೇಡಂ. ತಪ್ಪಾಗಿದೆ."

"ತಪ್ಪಾಗಿದೆ, ತಪ್ಪಾಗಿದೆ ಅಂತೀರಲ್ಲ, ಅದು ತಾನೇ ಆಯ್ತಾ?"



ದಾದಿ ಬಂದವರ ಹೆಸರು, ವಿಳಾಸ ಬರೆದಿಟ್ಟ ಪುಸ್ತಕ ತಂದಳು. ಅಂಟಕ್ಕ ತಿದ್ದಿಕೊಟ್ಟವರನ್ನು ಕಳೆದರೆ, ಹಿಂಬಾಗಿಲಿನಿಂದ ಹೋದವರು ಹತ್ತೊಂಬತ್ತು ಜನ. ಎಲ್ಲರಿಗೂ ಫೋನು ಮಾಡಿಸಿದರು. ಏಳು ಜನ ಎತ್ತಿದರು. ಹನ್ನೆರಡು ಮನೆಗಳು ಉಳಿದವು. "ಸಂಜೆ ನಮ್ಮ ಕಡೆಯವರನ್ನ ಕಳಿಸ್ತೀನಿ," ಎಂದರು ಡಾಕ್ಟರಮ್ಮ.

"ಸಂಜೆ ಬೇಡ," ಎಂದ ಯಜಮಾನ. "ವಿಳಾಸ ಕೊಡಿ, ಈಗಲೇ ನಾನು ಹೋಗ್ತೀನಿ."

ಅಂಟಕ್ಕ ತನ್ನ ಪೆನ್ನು ಸೆರಗಿಗೆ ಸಿಕ್ಕಿಸಿಕೊಂಡಳು. "ನಾನೂ ಬರ್ತೀನಿ. ಹೆಂಗಸರಿರೋ ಮನೆ, ನೀವೊಬ್ಬರೇ ಹೋಗಿ ಬಾಗಿಲು ಬಡಿದ್ರೆ ಸಾಲ ವಸೂಲಿಯವರು ಅಂದ್ಕೊಂಡು ಬಾಗಿಲೇ ತೆಗೆಯಲ್ಲ."

ಮೊದಲ ಮನೆ ಒಂದು ಸೈಕಲ್ ಅಂಗಡಿಯ ಮೇಲಿತ್ತು. ಯಜಮಾನ ಗಂಟಲು ಸರಿಪಡಿಸಿಕೊಂಡು, "ಆಸ್ಪತ್ರೆ ಕಾಗದದಲ್ಲಿ ಒಂದು ತಪ್ಪಾಗಿದೆಯಮ್ಮ," ಎಂದು, ಗೋಡೆಗೆ ಒತ್ತಿ ಹಿಡಿದು ಪದ ತಿದ್ದಿಕೊಟ್ಟ. ಎರಡನೇ ಮನೆಯ ಹೆಣ್ಣುಮಗಳು ನಗುತ್ತ, "ನಾನದನ್ನ ಇನ್ನೂ ಓದೇ ಇಲ್ಲ," ಎಂದಳು. ಮೂರನೇ ಮನೆಯಲ್ಲಿ ಕಾಗದ ಆಗಲೇ ತೊಟ್ಟಿಲ ಕಾಲಿನ ಕೆಳಗೆ ಹೋಗಿತ್ತು, ತೊಟ್ಟಿಲು ಅಲುಗದಿರಲೆಂದು. ನಾಲ್ಕನೇ ಮನೆಯಲ್ಲಿ ಒಬ್ಬ ಗಂಡಸು ಕಣ್ಣು ಕಿರಿದು ಮಾಡಿದ.

"ಯಾರು ತಪ್ಪು ಮಾಡಿದ್ದು? ಆಸ್ಪತ್ರೆಯವರಾ?"

"ಅಲ್ಲಲ್ಲ. ಪ್ರೆಸ್ಸಿನವರು… ನಮ್ಮಿಂದ ಆಗಿದ್ದು."

ಮೆಟ್ಟಿಲಿಳಿಯುವಾಗ ಅಂಟಕ್ಕನ ಮುಖ ನೋಡಲು ಅವನಿಗೆ ಮುಜುಗರವಾಯಿತು. ನಮ್ಮಿಂದ. ಆ 'ನಮ್ಮ' ಎಂಬ ಮಾತಿನಲ್ಲಿ ಅವಳೂ ಇದ್ದಳು, ಮಷೀನಣ್ಣನೂ ಇದ್ದ, ರಜೆಯಲ್ಲಿದ್ದ ಹುಡುಗಿಯೂ ಇದ್ದಳು. ಗಿರಾಕಿಗಳು ಹೊಗಳಿದಾಗ ಒಂದು ಸಲವೂ 'ನಮ್ಮ' ಎಂದವನಲ್ಲ ಅವನು. ನನ್ನ ಕಣ್ಣು, ನನ್ನ ದನಿ, ನನ್ನ ಪ್ರೆಸ್ಸು. ಬೈಗುಳ ಬಂದಾಗ ಮಾತ್ರ ನಾವೆಲ್ಲ ಪಾಲುದಾರರು.

ಬಿಸಿಲು ಏರಿತ್ತು. ಒಂದು ಮರದ ನೆರಳಿನಲ್ಲಿ ನಿಂತು ನೀರು ಕುಡಿದರು.

"ಅಂಟಕ್ಕ, ಒಂದು ಕೇಳ್ತೀನಿ. ಮುಂಚೆ ಯಾವಾಗ್ಲಾದ್ರೂ ಹೀಗೆ… ನಾನು ಸಹಿ ಹಾಕಿದ್ರಲ್ಲಿ ತಪ್ಪು ಕಂಡಿತ್ತಾ ನಿನಗೆ?"

"ಬೈಯಲ್ಲ ತಾನೇ?"

"ಬೈಯಲ್ಲ, ಹೇಳು."

"ಕಾಣೋದು. ಮೊದಮೊದಲು ನಿಮಗೇ ಹೇಳ್ತಿದ್ದೆ. ಆಮೇಲೆ ಹುಡುಗಿಗೆ ಹೇಳೋದು ಮಾಡ್ಕೊಂಡೆ. ನಿಮ್ಮ ಸಹಿ ಬಿದ್ದ ಕರಡನ್ನ ನನಗೂ ತೋರಿಸಿ, ಅಚ್ಚಿಗೆ ಹೋಗೋ ಮುಂಚೆ ಅವಳು ಕಂಪ್ಯೂಟರಲ್ಲಿ ತಿದ್ದಿಬಿಡೋಳು. ಅವಳಿಗಿಂತ ಮುಂಚೆ ಇದ್ದೋಳೂ ಹಾಗೇ ಮಾಡ್ತಿದ್ಲು. ಮಷೀನಣ್ಣನೂ ಒಂದೊಂದ್ಸಲ ಯಂತ್ರ ಕೆಟ್ಟಿದೆ ಅಂತ ಸುಳ್ಳು ಹೇಳಿ ನಿಲ್ಲಿಸಿರೋದುಂಟು, ನಾವು ತಿದ್ದೋ ತನಕ."

"ಎಷ್ಟು ಸಲ?"

"ಲೆಕ್ಕ ಯಾರಿಟ್ಟಿದ್ದಾರೆ ಯಜಮಾನ್ರೇ? ಈ ಸಲ ಹುಡುಗಿ ಇರಲಿಲ್ಲ, ನೀವೇ ಕೂತು ನೀವೇ ಅಚ್ಚಿಗೆ ಕಳಿಸಿದ್ರಿ. ನನ್ನ ಕೈಗೆ ಬರೋ ಹೊತ್ತಿಗೆ ನಾಲ್ಕು ಸಾವಿರ ಆಗಿಹೋಗಿತ್ತು."

ಯಜಮಾನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ನಿಂತ. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಕೆಲಸ ವಾಪಸ್ ಬಂದಿಲ್ಲ. ಅದು ಸುಳ್ಳಲ್ಲ. ಆದರೆ ಅದು ಅವನ ಕಣ್ಣಿನ ಚುರುಕಲ್ಲ. ಅವನಿಗೆ ಹೆದರಿಯೂ ಅವನನ್ನು ಬಿಟ್ಟುಕೊಡದ ನಾಲ್ಕು ಜನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಆ ಪ್ರೆಸ್ಸನ್ನು ಎತ್ತಿ ಹಿಡಿದಿದ್ದರು. ಪಕ್ಕದ ಮೂರು ಪ್ರೆಸ್ಸುಗಳಲ್ಲಿ ಬಹುಶಃ ಅಂಥವರು ಇರಲಿಲ್ಲ, ಅಥವಾ ಇದ್ದವರಿಗೆ ಸಾಕಾಗಿ ಹೋಗಿತ್ತು. ಮನೆಯಲ್ಲಿ? ಅವನ ಹೆಂಡತಿ ಎಷ್ಟು ಸಲ ಯಂತ್ರ ಕೆಟ್ಟಿದೆ ಎಂದು ಸುಳ್ಳು ಹೇಳಿ ಎಷ್ಟು ತಪ್ಪುಗಳನ್ನು ತಿದ್ದಿಟ್ಟಿದ್ದಳೋ. ಕೇಳುವ ಧೈರ್ಯ ಅವನಿಗಿನ್ನೂ ಬಂದಿರಲಿಲ್ಲ.

"ಬಾ," ಎಂದ. "ಇನ್ನೂ ಎಂಟು ಮನೆ ಇದೆ."

ಐದನೇ ಬಾಗಿಲಲ್ಲಿ ಅವನು, "ಅಮ್ಮ, ಈ ಕಾಗದ ಅಚ್ಚು ಮಾಡಿದವನು ನಾನು. ತಪ್ಪು ನಂದು," ಎಂದ. ಆ ಮಾತನ್ನು ಹೊಸಿಲು ನೋಡುತ್ತ, ತಡವರಿಸಿ ಹೇಳಿದ. ಆರನೇ ಬಾಗಿಲಲ್ಲಿ ಅಷ್ಟು ಕಷ್ಟವಾಗಲಿಲ್ಲ. ಒಂಬತ್ತನೆಯದಕ್ಕೆ ಬರುವಾಗ ಆ ಎರಡು ಪದ ಬೇರೆಲ್ಲ ಪದಗಳಂತೆಯೇ ಆಗಿದ್ದವು.

ಹನ್ನೆರಡನೇ ಮನೆ ಊರಂಚಿನಲ್ಲಿತ್ತು. ಹೊಸಿಲು ಹತ್ತುವ ಮುನ್ನವೇ ಒಳಗಿನ ಜಗಳ ಕೇಳಿಸಿತು.

"ಬೇಡ ಅತ್ತೆ, ಹೆರಿಗೆ ಆದಾಗ ದಾದಿ ಕೊಡಬೇಡಿ ಅಂದಿದ್ರು."

"ದಾದಿ ಬಾಯಲ್ಲಿ ಹೇಳಿದ್ದು ದೊಡ್ಡದೋ, ಇಲ್ಲಿ ಅಚ್ಚಾಗಿರೋದು ದೊಡ್ಡದೋ? ಕೊಡಬಹುದು ಅಂತ ಬರೆದಿದೆ, ಓದೋಕೆ ಬರುತ್ತೆ ತಾನೇ ನಿನಗೆ? ಒಂದು ಹನಿ, ನಾಲಿಗೆ ತುದಿಗೆ."

ಯಜಮಾನ ಚಪ್ಪಲಿಯನ್ನೂ ಬಿಡದೆ ಒಳನುಗ್ಗಿದ. ಮೇಜಿನ ಮೇಲೆ ಜೇನಿನ ಶೀಶೆ ತೆರೆದಿತ್ತು. ಅಜ್ಜಿಯ ಕೈಯಲ್ಲಿ ಚಮಚ. ಸೊಸೆಯ ತೊಡೆಯ ಮೇಲೆ ನಾಲ್ಕು ತಿಂಗಳ ಮಗು, ಚಮಚದ ಹೊಳಪನ್ನೇ ನೋಡುತ್ತಿತ್ತು.

"ಬೇಡಿ ತಾಯಿ! ಕೊಡಬೇಡಿ!"

ಅಜ್ಜಿ ಚಮಚ ಹಿಡಿದೇ ತಿರುಗಿದಳು. "ಯಾರಯ್ಯ ನೀನು? ಕಂಡವರ ಮನೆಗೆ ಚಪ್ಪಲಿ ಹಾಕ್ಕೊಂಡು ನುಗ್ತೀಯಾ?"

"ಆ ಕಾಗದ ಅಚ್ಚು ಮಾಡಿದವನು. ಕೊಡಬಾರದು ಅಂತ ಇರ್ಬೇಕಿತ್ತು. ನಾನು ತಪ್ಪು ಹಾಕ್ದೆ."

ಅಜ್ಜಿ ಚಮಚವನ್ನು ಶೀಶೆಯ ಪಕ್ಕ ಇಟ್ಟಳು. ಆಮೇಲೆ ಶುರುಮಾಡಿದಳು.

"ತಪ್ಪು ಹಾಕ್ದೆ ಅಂತ ಎಷ್ಟು ಸಲೀಸಾಗಿ ಹೇಳ್ತೀಯಪ್ಪ! ಒಂದು ನಿಮಿಷ ತಡವಾಗಿದ್ರೆ ನಾನೇ ನನ್ನ ಕೈಯಾರೆ… ಅಚ್ಚಾಗಿದ್ದು ಅಂದ್ರೆ ನಾವು ನಂಬ್ತೀವಿ ಕಣಯ್ಯ. ಸೊಸೆ ಮಾತು ಬಿಟ್ಟು ನಿನ್ನ ಮಾತು ನಂಬ್ದೆ ನಾನು! ಕಣ್ಣು ಎಲ್ಲಿಟ್ಟಿದ್ದೆ? ಬೆಳಿಗ್ಗೆಯಿಂದ ಈ ಹುಡುಗಿಗೆ ತಿಳಿವಳಿಕೆ ಇಲ್ಲ ಅಂತ ಬೈದಿದ್ದೀನಿ, ಅದನ್ನ ಈಗ ಯಾವ ಬಾಯಲ್ಲಿ ವಾಪಸ್ ತಗೊಳ್ಳಲಿ?"

ಅವಳು ನಿಲ್ಲಿಸಲಿಲ್ಲ. ಅಂಟಕ್ಕ ಬಾಗಿಲಲ್ಲಿ ನಿಂತು ಯಜಮಾನನ ಕತ್ತನ್ನೇ ನೋಡು‌ತ್ತಿದ್ದಳು. ಸಿಟ್ಟು ಬರುವಾಗ ಆ ಕತ್ತು ಕಿವಿಯ ಹಿಂದಿನಿಂದ ಕೆಂಪೇರುವುದು ಅವಳಿಗೆ ಗೊತ್ತಿತ್ತು. ಕೆಂಪೇರಿತು. ಈಗ ಸಿಡಿಯುತ್ತಾನೆ ಎಂದುಕೊಂಡಳು. ಅವನು ಬಾಗಿ, ಚಪ್ಪಲಿ ಬಿಚ್ಚಿ, ಹೊಸಿಲಾಚೆ ಇಟ್ಟು ಬಂದು, ಮತ್ತೆ ಅದೇ ಜಾಗದಲ್ಲಿ ಕೈಕಟ್ಟಿ ನಿಂತ. ಅಜ್ಜಿಯ ಮಾತು ಮುಗಿಯುವವರೆಗೂ ನಿಂತ.

ಅವಳಿಗೆ ಉಸಿರು ತಿರುಗಿದಾಗ ಕಾಗದ ತಿದ್ದಿ ಅವಳ ಕೈಗೇ ಕೊಟ್ಟ. "ಇನ್ನೇನಾದ್ರೂ ಸರಿಯಿಲ್ದೆ ಇದ್ರೆ ನೋಡಿ ಹೇಳಿ ತಾಯಿ."

ಅಜ್ಜಿ ಅನುಮಾನದಿಂದ ಅವನನ್ನು ನೋಡಿ, ಶೀಶೆಯ ಮುಚ್ಚಳ ಬಿಗಿದು, ಕನ್ನಡಕ ಹಾಕಿಕೊಂಡಳು. ಕಾಗದವನ್ನು ಹತ್ತಿರ ತಂದಳು, ದೂರ ಹಿಡಿದಳು.

"ಅಕ್ಷರ ಇರುವೆ ಸಾಲು ಇದ್ದಂಗಿದೆ. ಮಕ್ಕಳನ್ನ ನೋಡ್ಕೊಳ್ಳೋದು ಮನೇಲಿರೋ ಮುದುಕೀರು. ನಮಗೆ ಕಾಣೋ ಹಾಗೆ ಮಾಡೋಕಾಗಲ್ವಾ?"

"ಆಗುತ್ತೆ," ಎಂದ ಯಜಮಾನ. ಅಂಟಕ್ಕನ ಕಡೆಗೆ ಕೈ ಚಾಚಿ ಅವಳ ಪೆನ್ನು ಇಸಕೊಂಡು, ಅಂಗೈ ಮೇಲೆ 'ಅಕ್ಷರ ದೊಡ್ಡದು' ಎಂದು ಬರೆದುಕೊಂಡ. ಅಜ್ಜಿ ಸೊಸೆಯ ಮಡಿಲಿನಿಂದ ಮಗುವನ್ನು ಎತ್ತಿಕೊಳ್ಳುತ್ತ, "ಹೋಗೇ, ಇಬ್ಬರಿಗೂ ಕುಡಿಯೋಕೆ ನೀರು ಕೊಡು," ಎಂದಳು. ಸೊಸೆಗೆ ಆಡಿದ ಮಾತನ್ನು ವಾಪಸ್ ತೆಗೆದುಕೊಂಡದ್ದು ಹಾಗೆ.

ಹೊರಗೆ ಬಂದಾಗ ಬೀದಿಯಲ್ಲಿ ನೆರಳು ಉದ್ದವಾಗಿತ್ತು. ಯಜಮಾನನದು ಎಂದಿನಂತೆ ದಾಪುಗಾಲು. ಅಂಟಕ್ಕ ನಾಲ್ಕು ಹೆಜ್ಜೆ ಹಿಂದೆ ಓಡುನಡಿಗೆಯಲ್ಲಿ ಬರುತ್ತಿದ್ದಳು. ಹಿಂದಿನಿಂದಲೇ ಕರೆದಳು.

"ಯಜಮಾನ್ರೇ, ಹೊರಗಿನವರು ಹೇಳಿದ್ದನ್ನ ಅಂಗೈ ಮೇಲೆ ಬರ್ಕೊಂಡ್ರಿ. ಹಾಗಾದ್ರೆ ನಾನೂ ಒಂದು ಹೇಳ್ಲಾ?"

"ಹೇಳು."

"ಒಂದಲ್ಲ, ಆರು ಇದೆ."

ಅವನು ನಿಂತ. ಕತ್ತು ಮತ್ತೆ ಕೆಂಪೇರಿತೇನೋ, ಹಿಂದಿದ್ದವಳಿಗೆ ಬಿಸಿಲಿನಲ್ಲಿ ಸರಿಯಾಗಿ ಕಾಣಲಿಲ್ಲ. ಅವಳು ಪಕ್ಕಕ್ಕೆ ಬಂದು ಸೇರುವ ತನಕ ಕಾದ.

"ಆರೂ ಹೇಳು," ಎಂದ. "ಮೆಲ್ಲಗೆ ನಡೆಯೋಣ."